ವಿ.ಬಿ. ಸಿಕ್ಸ್‌ಗೆ ಬೀಗ ಬಿದ್ದರೂ ಗಲ್ಲೆಯ ಲೆಕ್ಕ ನಿಂತಿಲ್ಲ

ಮುಲುಂಡ್: 2005ರ ಮಾರ್ಚ್ 31 ಮತ್ತು ಎಪ್ರಿಲ್ 1. ಮುಂಬಯಿಯ ಸಣ್ಣ ಉದ್ಯಮಗಳಿಗೆ ತಂತ್ರಾಂಶ ಬರೆದುಕೊಟ್ಟು ಬದುಕು ಕಟ್ಟಿಕೊಂಡವರಿಗೆ ಈ ಎರಡು ದಿನಾಂಕಗಳು ಸುಲಭವಾಗಿ ಮರೆಯುವಂಥವಲ್ಲ. ಮೊದಲನೆಯ ದಿನ ಅಮೆರಿಕಾದ ಮೈಕ್ರೋಸಾಫ್ಟ್ ಕಂಪೆನಿ ತನ್ನ ‘ವಿಷುವಲ್ ಬೇಸಿಕ್ 6’ಕ್ಕೆ ನೀಡುತ್ತಿದ್ದ ಮುಖ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಮಹಾರಾಷ್ಟ್ರದಲ್ಲಿ 1959ರ ಮುಂಬಯಿ ಮಾರಾಟ ತೆರಿಗೆ ಕಾಯ್ದೆಯ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್ ಬಂತು. ಊರಿನ ಬಿಲ್ಲುಗಳನ್ನೆಲ್ಲ ಬದಲಾಯಿಸಲೇಬೇಕಾದ ದಿನದ ಮುನ್ನಾ ದಿನವೇ, ಬದಲಾಯಿಸುವ ಸಲಕರಣೆಯನ್ನು ತಯಾರಿಸಿದವರು ಕೈ ತೊಳೆದುಕೊಂಡಿದ್ದರು.

ಇದು ಬೇಕೆಂದು ಮಾಡಿದ್ದಲ್ಲ, ಕೇವಲ ಕಾಕತಾಳೀಯ. ಆದರೆ ಅದರ ಬಿಸಿ ತಟ್ಟಿದ್ದು ಮುಲುಂಡ್‌ನಂಥ ಉಪನಗರಗಳಿಗೆ. ಮಧ್ಯ ರೈಲ್ವೆಯ ಮಾರ್ಗದಲ್ಲಿ ಮುಂಬಯಿ ಪಾಲಿಕೆಯ ಗಡಿ ಮುಗಿಯುವುದು ಇಲ್ಲಿಯೇ. ಚೆಕ್ ನಾಕಾ ದಾಟಿದರೆ ಥಾಣೆ, ಪಕ್ಕದಲ್ಲೇ ವಾಗ್ಳೆ ಎಸ್ಟೇಟಿನ ಕೈಗಾರಿಕಾ ಗಾಳಾಗಳು. ನಾಕಾದಲ್ಲಿ 2017ರವರೆಗೂ ಜಕಾತಿಗಾಗಿ ಲಾರಿಗಳ ಸಾಲು ನಿಲ್ಲುತ್ತಿತ್ತು. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದುದ್ದಕ್ಕೂ ಒಂದು ಕಾಲಕ್ಕೆ ಕಾರ್ಖಾನೆಗಳು, ಅವುಗಳ ನಡುವೆ ಹೊಟ್ಟೆ ತುಂಬಿಸುವ ಉಡುಪಿ ಹೋಟೆಲುಗಳು, ಟ್ರಾನ್ಸ್‌ಪೋರ್ಟ್ ಕಚೇರಿಗಳು, ಔಷಧದ ಅಂಗಡಿಗಳು, ಪತ್‌ಪೇಢಿಗಳು. ದೊಡ್ಡ ಕಂಪೆನಿಗಳಿಗೆ ದೊಡ್ಡ ತಂತ್ರಾಂಶ ಕಂಪೆನಿಗಳಿದ್ದವು. ಈ ಸಣ್ಣವರಿಗೆ ಇದ್ದುದು ಸ್ಕೂಟರಿನಲ್ಲೋ ಲೋಕಲ್ ಟ್ರೈನಿನಲ್ಲೋ ಬರುವ ಒಬ್ಬ ಪ್ರೋಗ್ರಾಮರ್, ಅವನ ಚೀಲದಲ್ಲೊಂದು ಸಿ.ಡಿ., ವರ್ಷಕ್ಕೊಮ್ಮೆ ಪಡೆಯುವ ಎ.ಎಂ.ಸಿ. ಹಣ.

ಆ ಪ್ರೋಗ್ರಾಮರುಗಳಲ್ಲಿ ಕನ್ನಡಿಗರೂ ತುಳುವರೂ ಇದ್ದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಮುಂದಿನ ತಲೆಮಾರು ಅದು. ತಂದೆ ಗಲ್ಲೆಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಕೂಡಿಸಿದ ಲೆಕ್ಕವನ್ನು ಮಗ ಪರದೆಯ ಮೇಲೆ ಕೂಡಿಸತೊಡಗಿದ. ತೊಂಬತ್ತರ ದಶಕದಲ್ಲಿ ಉಪನಗರಗಳ ರೈಲು ನಿಲ್ದಾಣಗಳ ಎದುರು ಆಪ್‌ಟೆಕ್, ಎನ್.ಐ.ಐ.ಟಿ. ಹಾಗೂ ಅವನ್ನೇ ಅನುಕರಿಸಿದ ಕಂಪ್ಯೂಟರ್ ಕ್ಲಾಸುಗಳ ಫಲಕಗಳು ತುಂಬಿಕೊಂಡಿದ್ದವು. ಇಂಜಿನಿಯರಿಂಗ್ ಓದಲು ಕೈಯಲ್ಲಿ ಹಣವಿಲ್ಲದ ಬಿ.ಕಾಂ. ಹುಡುಗನಿಗೆ ಆ ಕ್ಲಾಸುಗಳೇ ಬಾಗಿಲು. ಅಲ್ಲಿ ಮೊದಲು ಕಲಿಸುತ್ತಿದ್ದುದು ಫಾಕ್ಸ್‌ಪ್ರೋ, ಆಮೇಲೆ ವಿಷುವಲ್ ಬೇಸಿಕ್.

ಒಂದು ಗುಂಡಿ ಎಳೆದರೆ ಸಾಕಿತ್ತು

ವಿಷುವಲ್ ಬೇಸಿಕ್‌ನ ಮೊದಲ ಆವೃತ್ತಿ ಬಿಡುಗಡೆಯಾದದ್ದು 1991ರ ಮೇ ತಿಂಗಳಲ್ಲಿ, ಅಮೆರಿಕಾದ ಅಟ್ಲಾಂಟಾದಲ್ಲಿ. ಅದರ ಬೀಜ ಮೈಕ್ರೋಸಾಫ್ಟಿನದ್ದಲ್ಲ. ಅಲನ್ ಕೂಪರ್ ಎಂಬವರು ಸ್ವಂತವಾಗಿ ತಯಾರಿಸಿದ್ದ ಒಂದು ಮಾದರಿಯನ್ನು 1988ರಲ್ಲಿ ಬಿಲ್ ಗೇಟ್ಸ್ ನೋಡಿ ಮೆಚ್ಚಿ ಕೊಂಡುಕೊಂಡರು. ಅದಕ್ಕೆ ಹಳೆಯ ಬೇಸಿಕ್ ಭಾಷೆಯನ್ನು ಜೋಡಿಸಿದಾಗ ಹುಟ್ಟಿದ್ದು ಈ ಸಲಕರಣೆ. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಒಂದು ಖಾಲಿ ಕಿಟಕಿ ತೆರೆಯಬೇಕಾದರೂ ‘ಸಿ’ ಭಾಷೆಯಲ್ಲಿ ಪುಟಗಟ್ಟಲೆ ಬರೆಯಬೇಕಿತ್ತು. ವಿ.ಬಿ.ಯಲ್ಲಿ ಮೌಸಿನಿಂದ ಒಂದು ಗುಂಡಿಯನ್ನು ಎಳೆದು ಹಾಕಿ, ಅದರ ಮೇಲೆ ಎರಡು ಸಲ ಒತ್ತಿ, ‘ಇದನ್ನು ಒತ್ತಿದರೆ ಏನಾಗಬೇಕು’ ಎಂಬುದನ್ನು ಮಾತ್ರ ಬರೆದರಾಯಿತು.

ಆರನೆಯ ಆವೃತ್ತಿ ಬಂದದ್ದು 1998ರಲ್ಲಿ. ಅದೇ ವರ್ಷ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿ ಮುಂಬಯಿಯಿಂದ ಮಂಗಳೂರು ಒಂದು ರಾತ್ರಿಯ ದಾರಿಯಾಯಿತು. ಊರಿನ ಜನರ ಮಾತಿನಲ್ಲಿ ಎರಡನೆಯದ್ದೇ ದೊಡ್ಡ ಸುದ್ದಿ, ಅದು ಸಹಜ. ಆದರೆ ಹೋಟೆಲಿನ ಗಲ್ಲೆಗೆ ಸದ್ದಿಲ್ಲದೆ ಬಂದು ಕುಳಿತದ್ದು ಮೊದಲನೆಯದು. ವೇಟರ್ ತಂದ ಕೆ.ಒ.ಟಿ. ಚೀಟಿಯ ಪ್ರಕಾರ ಟೇಬಲ್ ನಂಬ್ರ, ಐಟಂ ನಂಬ್ರ ಒತ್ತಿದರೆ ಕರ್ರೆಂದು ಸದ್ದು ಮಾಡುತ್ತ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಬಿಲ್ಲು. ರಾತ್ರಿ ಶಟರ್ ಎಳೆಯುವಾಗ ದಿನದ ವ್ಯಾಪಾರ, ಪಾರ್ಸೆಲ್ ಎಷ್ಟು, ಉಧಾರಿ ಎಷ್ಟು ಎಂಬ ಲೆಕ್ಕ. ಹಿಂದೆ ಅಕ್ಸೆಸ್‌ನ ಒಂದು ಎಂ.ಡಿ.ಬಿ. ಕಡತ, ಮುಂದೆ ಬೂದು ಬಣ್ಣದ ಪರದೆ. ನೋಡಲು ಚಂದವಿರಲಿಲ್ಲ, ನಿಜ. ಆದರೆ ಹದಿನೈದು ದಿನಗಳಲ್ಲಿ ಬರೆದುಕೊಡಬಹುದಿತ್ತು, ಏನಾದರೂ ಕೆಟ್ಟರೆ ಗಲ್ಲೆಯ ಪಕ್ಕದಲ್ಲೇ ಕುಳಿತು ಚಹಾ ಕುಡಿಯುವಷ್ಟರಲ್ಲಿ ಸರಿಪಡಿಸಬಹುದಿತ್ತು. ಈ ಎರಡನೆಯ ಗುಣವೇ ಅದರ ಜನಪ್ರಿಯತೆಯ ಗುಟ್ಟು. ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ನಿಲ್ಲಿಸಿ, ಸಾಲು ತಿದ್ದಿ, ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ವಿ.ಬಿ. 6ರಲ್ಲಿತ್ತು. ಅದರ ಉತ್ತರಾಧಿಕಾರಿಯ ಮೊದಲ ಆವೃತ್ತಿಗಳಲ್ಲಿ ಅದು ಇರಲಿಲ್ಲ. 2005ರ ಆವೃತ್ತಿಯಲ್ಲಿ ಮರಳಿ ಸೇರಿಸಬೇಕಾಯಿತು ಎಂಬುದು ಉಲ್ಲೇಖನೀಯ.

ಹೆಸರು ಅದೇ, ಭಾಷೆ ಬೇರೆ

2002ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ‘ಡಾಟ್ ನೆಟ್’ ತಂದಿತು. ಅದರೊಂದಿಗೆ ಬಂದ ವಿ.ಬಿ. ಡಾಟ್ ನೆಟ್ ಹೆಸರಿನಲ್ಲಿ ಮಾತ್ರ ಹಳೆಯದರ ತಮ್ಮ. ಹಳೆಯ ‘ಇಂಟಿಜರ್’ 32,767ರವರೆಗೆ ಎಣಿಸಿದರೆ, ಹೊಸ ‘ಇಂಟಿಜರ್’ ಇನ್ನೂರು ಕೋಟಿ ದಾಟುತ್ತದೆ. ಪದ ಒಂದೇ, ಅಳತೆ ಬೇರೆ. ಯಾವುದನ್ನು ಬೇಕಾದರೂ ತುಂಬಿಸಿಡಬಹುದಾಗಿದ್ದ ‘ವೇರಿಯಂಟ್’ ಇಲ್ಲವಾಯಿತು. ಒಂದೇ ಹೆಸರಿನ ಇಪ್ಪತ್ತು ಗುಂಡಿಗಳನ್ನು ಸಾಲಾಗಿ ಜೋಡಿಸುವ ‘ಕಂಟ್ರೋಲ್ ಅರೇ’ ಹೋಯಿತು. ಹೋಟೆಲಿನ ಟೇಬಲುಗಳ ಪರದೆಯನ್ನೆಲ್ಲ ಅದರಿಂದಲೇ ಮಾಡುತ್ತಿದ್ದರು! ಹಳೆಯದನ್ನು ಹೊಸದಕ್ಕೆ ಬದಲಿಸಲು ಕಂಪೆನಿಯೇ ಒಂದು ‘ಅಪ್‌ಗ್ರೇಡ್ ವಿಝಾರ್ಡ್’ ಕೊಟ್ಟಿತ್ತು. ಸಣ್ಣ ಪ್ರೋಗ್ರಾಮಿಗೆ ಅದು ಸಾಕಾಗುತ್ತಿತ್ತು. ದೊಡ್ಡದಕ್ಕೆ ಹಾಕಿದರೆ ನೂರಾರು ಕಡೆ ‘ಇಲ್ಲಿ ಕೈಯಿಂದ ಸರಿಪಡಿಸಿ’ ಎಂಬ ಟಿಪ್ಪಣಿ ಬರೆದು ಒಪ್ಪಿಸುತ್ತಿತ್ತು.

ಮುಂಬಯಿಯ ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಬ್ಯಾಂಕಿನಲ್ಲಿ ಹಿಂದಿ-ಇಂಗ್ಲಿಷ್ ಮಾತಾಡುವವರು ಹೊಸ ಭಾಷೆಗೆ ಹೆದರುವುದಿಲ್ಲ. ಪ್ರೋಗ್ರಾಮರುಗಳ ಸಿಟ್ಟು ಹೊಸ ಭಾಷೆ ಕಲಿಯಬೇಕೆಂಬುದಕ್ಕಾಗಿರಲಿಲ್ಲ. ಐವತ್ತು ಪಾರ್ಟಿಗಳಿಗೆ ಆಗಲೇ ಬರೆದುಕೊಟ್ಟದ್ದನ್ನು ಪುನಃ ಬರೆಯಬೇಕು, ಅದಕ್ಕೆ ಯಾರೂ ಹಣ ಕೊಡುವುದಿಲ್ಲ ಎಂಬುದು ಸಂಕಟವಾಗಿತ್ತು. ‘ಬಿಲ್ಲು ಬರುತ್ತಿದೆಯಲ್ಲ, ಮತ್ತೇನು ತೊಂದರೆ?’ ಎಂದು ಕೇಳುವ ಹೋಟೆಲು ಮಾಲಕರ ಮಾತಿನಲ್ಲಿಯೂ ತಪ್ಪಿಲ್ಲ.

2005ರ ಮಾರ್ಚ್ ತಿಂಗಳಲ್ಲಿ, ಬೆಂಬಲ ಮುಗಿಯುವ ಕೆಲವೇ ದಿನ ಮೊದಲು, ಜಗತ್ತಿನ ನಾನಾ ದೇಶಗಳ ಪ್ರೋಗ್ರಾಮರುಗಳು ಕಂಪೆನಿಗೆ ಬಹಿರಂಗ ಮನವಿ ಸಲ್ಲಿಸಿದರು. ಸಹಿ ಹಾಕಿದವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ‘ಎಂ.ವಿ.ಪಿ.’ಗಳು, ಅಂದರೆ ಮೈಕ್ರೋಸಾಫ್ಟ್ ಸ್ವತಃ ಗೌರವಿಸಿದ ಪರಿಣಿತರು. ಹಳೆಯ ವಿ.ಬಿ.ಯನ್ನೂ ಹೊಸ ವಿಷುವಲ್ ಸ್ಟುಡಿಯೋದೊಳಗೆ ಡಾಟ್ ನೆಟ್‌ನ ಪಕ್ಕದಲ್ಲಿ ಇರಗೊಡಬೇಕು, ಗ್ರಾಹಕರು ಬರೆದಿಟ್ಟ ಕೋಡ್ ಅವರ ಆಸ್ತಿ, ಅದನ್ನು ಯಾವಾಗ ಬದಲಾಯಿಸಬೇಕೆಂಬುದು ಅವರ ಇಷ್ಟಕ್ಕೆ ಬಿಟ್ಟದ್ದು ಎಂಬುದು ಮನವಿಯ ತಿರುಳಾಗಿತ್ತು. ಕಂಪೆನಿ ಒಪ್ಪಲಿಲ್ಲ. ಮುಖ್ಯ ಬೆಂಬಲ ಆ ತಿಂಗಳ ಕೊನೆಗೆ ನಿಂತಿತು, ಉಳಿದಿದ್ದ ವಿಸ್ತರಿತ ಬೆಂಬಲ 2008ರ ಎಪ್ರಿಲ್ 8ಕ್ಕೆ ಮುಗಿಯಿತು.

ವ್ಯಾಟ್, ಮಳೆ ಮತ್ತು ಸೋರ್ಸ್ ಕೋಡ್

ಇತ್ತ ವ್ಯಾಟ್ ಬಂದ ಮೇಲೆ ಬಿಲ್ಲಿನಲ್ಲಿ ಹೊಸ ದರ, ಹೊಸ ನೋಂದಣಿ ನಂಬ್ರ, ಹೊಸ ಬಗೆಯ ವರದಿ ಬೇಕಾದವು. ಅದನ್ನು ಮಾಡಲು ಯಾರೂ ಡಾಟ್ ನೆಟ್ ಕಲಿಯುತ್ತ ಕುಳಿತುಕೊಳ್ಳಲಿಲ್ಲ. ಬೆಂಬಲ ನಿಂತ ಸಲಕರಣೆಯಲ್ಲೇ ತಿದ್ದಿದರು, ಕೆಲಸ ನಡೆಯಿತು. ತಿದ್ದಲು ಬೇಕಾದದ್ದು ಮೈಕ್ರೋಸಾಫ್ಟಿನ ಬೆಂಬಲವಲ್ಲ, ಸೋರ್ಸ್ ಕೋಡ್. ಅಂದರೆ ಪ್ರೋಗ್ರಾಮರ್ ಬರೆದ ಮೂಲ ಸಾಲುಗಳು. ಅವು ಇದ್ದರೆ ತಿದ್ದಬಹುದು. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಇರುವ ಇ.ಎಕ್ಸ್.ಇ. ಕಡತ ಬೀಗ ಹಾಕಿದ ಪೆಟ್ಟಿಗೆ.

ಅದೇ ವರ್ಷದ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾದಂಥ ತಗ್ಗಿನ ಪ್ರದೇಶಗಳಲ್ಲಿ ನೆಲಮಹಡಿಯ ಅಂಗಡಿ, ಕಚೇರಿ, ಗಾಳಾಗಳು ಮುಳುಗಿದವು. ಆ ಮಳೆಯಲ್ಲಿ ಹೋದ ಜೀವಗಳ ಎದುರು ಕಂಪ್ಯೂಟರಿನ ಮಾತು ಸಣ್ಣದು. ಆದರೂ ಆ ಕಾಲದ ಸಣ್ಣ ಪ್ರೋಗ್ರಾಮರನ ಜೀವಮಾನದ ದುಡಿಮೆ ಮನೆಯಲ್ಲಿದ್ದ ಒಂದೇ ಹಾರ್ಡ್‌ ಡಿಸ್ಕಿನಲ್ಲಿ, ಹೆಚ್ಚೆಂದರೆ ನಾಲ್ಕು ಸಿ.ಡಿ.ಗಳಲ್ಲಿ ಇರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಕೊಂಡವರೂ ಸೋರ್ಸ್ ಕೋಡ್ ಕೇಳುತ್ತಿರಲಿಲ್ಲ, ಬರೆದವರೂ ಕೊಡುತ್ತಿರಲಿಲ್ಲ. ಕೊಟ್ಟರೆ ಮುಂದಿನ ವರ್ಷದ ಎ.ಎಂ.ಸಿ. ಕೈತಪ್ಪುತ್ತದೆ ಎಂಬ ಅಂಜಿಕೆ. ಈ ಅಂಜಿಕೆಯ ಬೆಲೆಯನ್ನು ಎರಡೂ ಕಡೆಯವರು ತೆತ್ತಿದ್ದಾರೆ.

ಫಾಕ್ಸ್‌ಪ್ರೋ ಬಳಗದ ಕಥೆ ಇನ್ನೂ ಹಳೆಯದು. ಅಮೆರಿಕಾದ ಓಹಾಯೋ ರಾಜ್ಯದ ಫಾಕ್ಸ್ ಸಾಫ್ಟ್‌ವೇರ್ ಕಂಪೆನಿಯನ್ನು 1992ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಡಾಸ್ ಮೇಲೆ ಓಡುವ ಫಾಕ್ಸ್‌ಪ್ರೋ 2.6 ನಮ್ಮ ದೇಶದಲ್ಲಿ ಸಂಬಳ ಪಟ್ಟಿ, ದಾಸ್ತಾನು, ಬಡ್ಡಿ ಲೆಕ್ಕಗಳಿಗೆ ಮನೆಮಾತಾಗಿತ್ತು. ಕೊನೆಯ ಆವೃತ್ತಿಯಾದ ವಿಷುವಲ್ ಫಾಕ್ಸ್‌ಪ್ರೋ 9 ಬಂದದ್ದು 2004ರ ಡಿಸೆಂಬರಿನಲ್ಲಿ. ಇನ್ನು ಹತ್ತನೆಯದ್ದು ಇಲ್ಲ ಎಂದು 2007ರ ಮಾರ್ಚ್‌ನಲ್ಲಿ ಘೋಷಣೆಯಾಯಿತು. ಆಗ ಸ್ಪ್ಯಾನಿಷ್ ಮಾತಾಡುವ ಪ್ರೋಗ್ರಾಮರುಗಳು ಮುಂದೆ ನಿಂತು ಸಹಿ ಸಂಗ್ರಹ ಮಾಡಿದರು. ಅದೂ ಫಲಿಸಲಿಲ್ಲ. 2015ರ ಜನವರಿ 13ಕ್ಕೆ ಫಾಕ್ಸ್‌ಪ್ರೋದ ಬೆಂಬಲ ಪೂರ್ತಿ ನಿಂತಿತು.

ಪತ್‌ಪೇಢಿಗಳಲ್ಲಿ ಫಾಕ್ಸ್‌ಪ್ರೋ ಬೇರೂರಿದ್ದಕ್ಕೆ ಕರಾವಳಿಯವರಿಗೆ ಚೆನ್ನಾಗಿ ತಿಳಿದ ಒಂದು ಕಾರಣವಿದೆ, ಅದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಈ ಠೇವಣಿ ಕ್ರಮ, ದಿನಕ್ಕೆ ಎರಡಾಣೆಯಿಂದಲೂ ಉಳಿತಾಯ ಸಾಧ್ಯವೆಂದು ತೋರಿಸಿತು. ಮುಂಬಯಿಯಲ್ಲಿಯೂ ಸಣ್ಣ ಸಹಕಾರಿ ಸಂಘಗಳು ಇದೇ ರೀತಿ ದಿನನಿತ್ಯ ಹಣ ಸಂಗ್ರಹಿಸುತ್ತವೆ. ಸಾವಿರ ಖಾತೆಗೆ ದಿನಕ್ಕೆ ಸಾವಿರ ನಮೂದು, ತಿಂಗಳಿಗೆ ಮೂವತ್ತು ಸಾವಿರ. ಪುಸ್ತಕದಲ್ಲಿ ಬರೆಯುವುದು ಕಷ್ಟ. ಫಾಕ್ಸ್‌ಪ್ರೋದ ಡಿ.ಬಿ.ಎಫ್. ಕಡತ ಅದನ್ನು ಹಳೆಯ ಕಂಪ್ಯೂಟರಿನಲ್ಲಿಯೂ ಕ್ಷಣದಲ್ಲಿ ಹುಡುಕಿ ಕೊಡುತ್ತಿತ್ತು. ‘ರಶ್‌ಮೋರ್’ ಎಂದು ಕರೆಯುವ ಅದರ ಹುಡುಕುವ ವಿಧಾನವನ್ನು ಆ ಕಾಲದವರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ.

ರೂಪಾಯಿ ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ

ಬೆಂಬಲ ನಿಂತರೆ ಪ್ರೋಗ್ರಾಂ ಮರುದಿನವೇ ಸಾಯುವುದಿಲ್ಲ. ವಿ.ಬಿ. 6ರಲ್ಲಿ ಮಾಡಿದ ಪ್ರೋಗ್ರಾಮುಗಳು ಓಡಲು ಬೇಕಾದ ಮೂಲ ಕಡತಗಳನ್ನು ಮೈಕ್ರೋಸಾಫ್ಟ್ ವಿಸ್ಟಾದಿಂದ ಹಿಡಿದು ವಿಂಡೋಸ್ 11ರವರೆಗೂ ಉಳಿಸಿಕೊಂಡು ಬಂದಿದೆ. ನಿಂತದ್ದು ಬರೆಯುವ ಸಲಕರಣೆಯ ಬೆಂಬಲ, ಓಡುವ ಪ್ರೋಗ್ರಾಮಿನದ್ದಲ್ಲ. ಕಂಪೆನಿಯನ್ನು ಇಪ್ಪತ್ತು ವರ್ಷ ಬೈದವರೂ ಇದನ್ನು ಒಪ್ಪಿಕೊಳ್ಳಬೇಕು. ತೊಂದರೆ ಬರುವುದು ಸುತ್ತಲಿನ ಜಗತ್ತು ಬದಲಾದಾಗ.

2010ರ ಜುಲೈಯಲ್ಲಿ ಕೇಂದ್ರ ಸರಕಾರ ರೂಪಾಯಿಗೆ ಹೊಸ ಚಿಹ್ನೆ ನೀಡಿತು. ಅದು ಇರುವುದು ಯೂನಿಕೋಡ್‌ನಲ್ಲಿ. ವಿ.ಬಿ. 6ರ ಸಾಮಾನ್ಯ ಪೆಟ್ಟಿಗೆಗಳಿಗೆ ಯೂನಿಕೋಡ್ ತೋರಿಸಲು ಬಾರದು, ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಬರುತ್ತದೆ. ಹಾಗಾಗಿ ಬಹಳ ಬಿಲ್ಲುಗಳಲ್ಲಿ ‘ಆರ್.ಎಸ್.’ ಎಂಬುದೇ ಉಳಿಯಿತು. ಇದೇ ಕಾರಣಕ್ಕೆ ಈ ಸಲಕರಣೆಗೆ ಕನ್ನಡವೂ ಬರುತ್ತಿರಲಿಲ್ಲ. ವಿಂಡೋಸ್ ಎಕ್ಸ್.ಪಿ.ಯಲ್ಲಿ ‘ತುಂಗಾ’ ಅಕ್ಷರದೊಂದಿಗೆ ಕನ್ನಡ ಬಂದು ಕುಳಿತಿದ್ದರೂ ವಿ.ಬಿ.ಯ ಪೆಟ್ಟಿಗೆಯಲ್ಲಿ ‘ಮುಲುಂಡ್’ ಎಂದು ಟೈಪ್ ಮಾಡಿದರೆ ಕಾಣುತ್ತಿದ್ದುದು ಪ್ರಶ್ನಾರ್ಥಕಗಳ ಸಾಲು.

2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಅದೇ ದಿನ ಮುಂಬಯಿಯ ಜಕಾತಿಯೂ ರದ್ದಾಗಿ ಮುಲುಂಡ್ ನಾಕಾದ ಲಾರಿಗಳ ಸಾಲು ಕರಗಿತು. ಜಕಾತಿ ಫಾರ್ಮ್ ತುಂಬಲೆಂದೇ ಬರೆದಿದ್ದ ಪ್ರೋಗ್ರಾಮುಗಳು ಅಲ್ಲಿಗೆ ನಿರುಪಯುಕ್ತ. ಹೋಟೆಲುಗಳಿಗೆ ಮೊದಲು ಎ.ಸಿ. ಇಲ್ಲದಿದ್ದರೆ ಶೇ. 12, ಇದ್ದರೆ ಶೇ. 18. ನಾಲ್ಕೂವರೆ ತಿಂಗಳಲ್ಲಿ, ಅಂದರೆ ನವೆಂಬರ್ 15ರಿಂದ, ಸಾಮಾನ್ಯ ರೆಸ್ಟೋರೆಂಟುಗಳಿಗೆಲ್ಲ ಶೇ. 5. ಸೋರ್ಸ್ ಕೋಡ್ ಇದ್ದವರು ಎರಡು ಸಲ ತಿದ್ದಿದರು. ಇಲ್ಲದವರು ಅಂದೇ ಬೇರೆ ತಂತ್ರಾಂಶ ಕೊಂಡರು. ಬಹಳ ಮಂದಿ ಅದಕ್ಕೂ ಮೊದಲೇ ‘ಟ್ಯಾಲಿ’ಗೆ ಹೋಗಿದ್ದರು. ಬೆಂಗಳೂರಿನಲ್ಲಿ 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಆರಂಭವಾದ ಸಂಸ್ಥೆಯದು. ಹೀಗೆ ಮುಂಬಯಿ ಕನ್ನಡಿಗ ಪ್ರೋಗ್ರಾಮರನ ಗಿರಾಕಿಯನ್ನು ಕೊಂಡೊಯ್ದದ್ದು ಕರ್ನಾಟಕದ್ದೇ ತಂತ್ರಾಂಶ! ವಿ.ಬಿ. ಬಿಟ್ಟ ಕೆಲವರು ಟ್ಯಾಲಿಯ ಒಳಭಾಷೆಯಾದ ಟಿ.ಡಿ.ಎಲ್. ಕಲಿತು, ಅದೇ ಗಿರಾಕಿಗೆ ಬೇಕಾದ ತಿದ್ದುಪಡಿ ಮಾಡಿಕೊಡುವ ದಾರಿ ಹಿಡಿದರು.

ಸಂಘಗಳ ಕಪಾಟಿನಲ್ಲಿ

ಈ ವಿಷಯ ಕನ್ನಡ ಸಂಘ-ಸಂಸ್ಥೆಗಳಿಗೆ ನೇರವಾಗಿ ತಾಗುವುದು ಒಂದು ಕಡೆ. ಸಂಘಗಳ ಸದಸ್ಯರ ಪಟ್ಟಿ, ದಾನಿಗಳ ಪಟ್ಟಿ, ವಿದ್ಯಾರ್ಥಿ ವೇತನದ ದಾಖಲೆ, ವಧು-ವರರ ಮಾಹಿತಿ ಇವನ್ನೆಲ್ಲ ಸದಸ್ಯರ ಮಕ್ಕಳೇ ಪ್ರೀತಿಯಿಂದ, ಬಿಡಿಕಾಸು ಪಡೆಯದೆ, ಫಾಕ್ಸ್‌ಪ್ರೋದಲ್ಲೋ ವಿ.ಬಿ.ಯಲ್ಲೋ ಮಾಡಿಕೊಟ್ಟ ಕಾಲವೊಂದಿತ್ತು. ಸಮಿತಿ ಬದಲಾಯಿತು, ಹುಡುಗ ಅಮೆರಿಕಾಕ್ಕೋ ಬೆಂಗಳೂರಿಗೋ ಹೋದ, ಕಂಪ್ಯೂಟರ್ ಕಪಾಟಿನ ಮೇಲೇರಿತು. ಒಳಗಿನ ಮಾಹಿತಿ ಹಾಳಾಗಿರುವುದಿಲ್ಲ. ಡಿ.ಬಿ.ಎಫ್. ಕಡತವನ್ನು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಇಂದಿಗೂ ತೆರೆಯುತ್ತದೆ. ಅಕ್ಸೆಸ್‌ನ ಎಂ.ಡಿ.ಬಿ. ಕಡತವನ್ನು ಎಕ್ಸೆಲ್‌ಗೆ ತರುವುದೂ ಸಾಧ್ಯ.

ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು. ಕನ್ನಡದಲ್ಲಿದ್ದರೆ ಇನ್ನೊಂದು ಮೆಟ್ಟಿಲಿದೆ. ಯೂನಿಕೋಡ್ ಬಾರದ ಸಲಕರಣೆಯಲ್ಲಿ ಕನ್ನಡ ತೋರಿಸಲು ಆಗ ಇದ್ದ ಉಪಾಯವೆಂದರೆ ನುಡಿ, ಬರಹ, ಶ್ರೀಲಿಪಿ, ಆಕೃತಿಯಂಥ ಫಾಂಟುಗಳು. ಅವುಗಳಲ್ಲಿ ಕಡತದೊಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳೇ, ಮೇಲೆ ಕನ್ನಡದ ವೇಷ ಮಾತ್ರ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ. ಅಯ್ಯೋ ಹಾಳಾಯಿತೆಂದು ಅಳಿಸಿಬಿಟ್ಟವರಿದ್ದಾರೆ. ಅಳಿಸಬಾರದು. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದೆಂದು ತಿಳಿದರೆ, ನುಡಿ ಮತ್ತು ಬರಹದ ಪರಿವರ್ತಕಗಳು ಅದನ್ನು ಯೂನಿಕೋಡ್ ಕನ್ನಡಕ್ಕೆ ತರುತ್ತವೆ. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಕೆಲವು ತಪ್ಪು ನುಸುಳಬಹುದು. ಊರಿನ ಹೆಸರು, ಮನೆತನದ ಹೆಸರು ಬಲ್ಲ ಹಿರಿಯ ಸದಸ್ಯರೊಬ್ಬರು ಪಕ್ಕದಲ್ಲಿ ಕುಳಿತು ನೋಡಿದರೆ ಒಳ್ಳೆಯದು. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇದರಿಂದ ವಿ.ಬಿ. 6ರ ಪ್ರೋಗ್ರಾಮಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಹಳೆಯ ಡಾಸ್ ಫಾಕ್ಸ್‌ಪ್ರೋಗೆ. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿಯೊಂದಿತ್ತು, ಅದರಲ್ಲಿ ಡಾಸ್ ಕಾಲದ ಪ್ರೋಗ್ರಾಮುಗಳು ನೇರವಾಗಿ ಓಡುತ್ತಿದ್ದವು. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಇನ್ನು ‘ಡಾಸ್‌ಬಾಕ್ಸ್’ನಂಥ ಬದಲಿ ವ್ಯವಸ್ಥೆಯೊಳಗೆ ಅದನ್ನು ಓಡಿಸಬೇಕು. ವಿಷುವಲ್ ಫಾಕ್ಸ್‌ಪ್ರೋ ಮತ್ತು ವಿ.ಬಿ. 6 ಎರಡೂ 32 ಬಿಟ್ಟಿನವು, 11ರಲ್ಲಿಯೂ ಓಡುತ್ತವೆ. ಅವುಗಳ ಸೋದರನಾದ ವಿ.ಬಿ. ಸ್ಕ್ರಿಪ್ಟ್‌ಗೆ ಮಾತ್ರ ವಿದಾಯದ ದಿನ ಗೊತ್ತಾಗಿದೆ. ಅದನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲಿ ಘೋಷಿಸಿದ್ದು, 2027ರ ಸುಮಾರಿಗೆ ವಿಂಡೋಸ್‌ನಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ. ಡಾಟ್ ನೆಟ್‌ಗೆ ಹೋಗಿ ಎಂದು ಅಂದು ಉಪದೇಶಿಸಿದ ಕಂಪೆನಿ, ವಿ.ಬಿ. ಡಾಟ್ ನೆಟ್ ಭಾಷೆಯನ್ನೂ ಇನ್ನು ಮುಂದೆ ಬೆಳೆಸುವುದಿಲ್ಲವೆಂದು 2020ರ ಮಾರ್ಚ್‌ನಲ್ಲಿ ತಿಳಿಸಿತು. ಅಂದು ಹಟ ಹಿಡಿದು ಹಳೆಯದರಲ್ಲೇ ಉಳಿದವರು ಇದನ್ನು ಓದಿ ಮೀಸೆಯಡಿಯಲ್ಲಿ ನಕ್ಕಿರಬಹುದು.

ಹಟ ಬಿಡದವರಿಗೆ ಹೊಸ ದಾರಿಯೂ ಒಂದಿದೆ. ವಿ.ಬಿ. 6ರ ಕೋಡನ್ನು ಹಾಗೆಯೇ ತೆಗೆದುಕೊಂಡು, 64 ಬಿಟ್ ಮತ್ತು ಯೂನಿಕೋಡ್‌ಗೆ ಒಗ್ಗಿಸುವ ‘ಟ್ವಿನ್ ಬೇಸಿಕ್’ ಎಂಬ ಸಲಕರಣೆಯನ್ನು ವೇಯ್ನ್ ಫಿಲಿಪ್ಸ್ ಎಂಬವರು 2021ರಿಂದ ಬೆಳೆಸುತ್ತಿದ್ದಾರೆ. ದೊಡ್ಡ ಕಂಪೆನಿ ಮಾಡಲೊಲ್ಲೆನೆಂದದ್ದನ್ನು ಒಬ್ಬ ಪ್ರೋಗ್ರಾಮರ್ ಕೈಗೆತ್ತಿಕೊಂಡದ್ದು ಮೆಚ್ಚತಕ್ಕ ಸಾಹಸ. ಮುಲುಂಡಿನ ಗಲ್ಲೆಗೆ ಅದು ಎಂದು ತಲಪೀತೋ, ಸದ್ಯಕ್ಕಂತೂ ಹಳೆಯ ಬೂದು ಪರದೆಯನ್ನು ಬಿಡದ ಮಾಲಕರು ಹೊಸ ಕಂಪ್ಯೂಟರ್ ತಂದ ಕೂಡಲೇ ಪ್ರೋಗ್ರಾಮರಿಗೆ ಫೋನು ಮಾಡುತ್ತಾರೆ. ಆತ ಊರಿನಲ್ಲಿದ್ದರೂ ಸರಿ, ದೂರದಿಂದಲೇ ಪರದೆ ತೆರೆದು ಓ.ಸಿ.ಎಕ್ಸ್. ಕಡತಗಳನ್ನು ನೋಂದಾಯಿಸಿ, ದಿನಾಂಕದ ಕ್ರಮ ಸರಿಪಡಿಸಿ ಅರ್ಧ ಗಂಟೆಯಲ್ಲಿ ಬಿಲ್ಲು ಬರುವಂತೆ ಮಾಡುತ್ತಾನೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಗಲ ಬಾಯಿಯ ಪ್ಯಾರಲಲ್ ಕೇಬಲ್ ಚುಚ್ಚುವ ಜಾಗ ಮಾತ್ರ ಹೊಸ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅದನ್ನು ಯು.ಎಸ್.ಬಿ.ಗೆ ಬದಲಿಸುವ ವೈರು ತರಲು ಯಾರಾದರೂ ಗ್ರಾಂಟ್ ರೋಡಿಗೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕಾಗುತ್ತದೆ.